ಎಲ್ಲಿಂದ ಎಲ್ಲಿಯವರೆಗೆ

ನಮ್ಮ ಬೀದಿಯಲ್ಲಿ ಆಕೆಯನ್ನು ಎಲ್ಲರೂ 'ಕೆಂಪುದಾರ' ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆಕೆಗೆ ಗೊತ್ತಿತ್ತು, ಬೇಸರವಿರಲಿಲ್ಲ. ಹೆಸರು ಸುಳ್ಳಲ್ಲವಲ್ಲ ಎನ್ನುತ್ತಿದ್ದಳು.

ಆಕೆಯ ಕೆಲಸ ಬಟ್ಟೆ ಗಿರಣಿಯಲ್ಲಿ ತಪ್ಪು ಹುಡುಕುವುದು. ಮಗ್ಗದಿಂದ ಇಳಿದ ಥಾನು, ಅಂದರೆ ಬಟ್ಟೆಯ ಇಡೀ ಸುರುಳಿ, ಅಂಗಡಿಗೆ ಹೋಗುವ ಮೊದಲು ಆಕೆಯ ಕಣ್ಣ ಮುಂದೆ ಹಾದು ಹೋಗಬೇಕು. ಓರೆಯಾಗಿ ನಿಲ್ಲಿಸಿದ ಗಾಜಿನ ಮೇಜು, ಅದರ ಹಿಂದೆ ದೀಪ. ಬಟ್ಟೆ ಮೇಲಿನಿಂದ ಕೆಳಕ್ಕೆ ನೀರಿನ ಹಾಗೆ ಇಳಿಯುತ್ತದೆ. ಕಡಿದ ಎಳೆ, ಗಂಟು, ಎಣ್ಣೆಯ ಕಲೆ ಏನಾದರೂ ಕಂಡರೆ ಬಲಗಾಲಿನಿಂದ ಪೆಡಲ್ ಒತ್ತಬೇಕು. ಬಟ್ಟೆ ನಿಲ್ಲುತ್ತದೆ. ಅಂಚಿಗೆ ಒಂದು ಕೆಂಪು ದಾರ ಕಟ್ಟಿ ಮತ್ತೆ ಬಿಡಬೇಕು. ಮದುವೆಗೆ ಮುಂಚಿನಿಂದ ಆಕೆ ಮಾಡಿಕೊಂಡು ಬಂದದ್ದು ಇಷ್ಟೇ. ಗಿರಣಿಯಲ್ಲಿ ಆಕೆಯ ಕಣ್ಣಿಗೆ ಸಮನಾದ ಕಣ್ಣು ಇನ್ನೊಂದಿರಲಿಲ್ಲ.

ಆ ಕಣ್ಣನ್ನು ಸಂಜೆ ಗಿರಣಿಯ ಗೇಟಿನಲ್ಲಿ ಬಿಟ್ಟು ಬರಲು ಆಗುತ್ತಿರಲಿಲ್ಲ. ಆಕೆಯ ಮನೆಯಿರುವ ಕಟ್ಟಡದಲ್ಲೇ ನಾನು ಮೇಲಿನ ಮನೆಯಲ್ಲಿದ್ದೇನೆ. ಒಮ್ಮೆ ನಮ್ಮ ಮನೆಗೆ ಬಂದವಳು, ಕೂರುವ ಮೊದಲೇ ಪುಸ್ತಕದ ಕಪಾಟಿನ ಎರಡನೆಯ ಹಲಗೆ ಬಾಗಿದೆ ಎಂದಳು. ಬಾಗಿತ್ತು. ಸರಿಮಾಡಿಸಿದೆ. ನನಗೆ ಇಂಥವರಿಂದ ತೊಂದರೆಯಿಲ್ಲ. ಆದರೆ ಇಂಥವರ ಜೊತೆ ಒಂದೇ ಮನೆಯಲ್ಲಿ ಬೆಳೆಯುವುದು ಬೇರೆ ಮಾತು.

ಒಂದು ವಿಷಯವನ್ನು ನಾನು ಬಹಳ ಕಾಲ ಗಮನಿಸಿದ್ದೇನೆ. ಮನೆಯಲ್ಲಿ, ಬೀದಿಯಲ್ಲಿ, ಎಲ್ಲಿ ತಪ್ಪು ಕಂಡರೂ ಆಕೆಯ ಬಲಗಾಲಿನ ತುದಿ ನೆಲವನ್ನು ಒಮ್ಮೆ ಒತ್ತುತ್ತಿತ್ತು. ಅಲ್ಲಿ ಪೆಡಲ್ ಇರಲಿಲ್ಲ. ಆಕೆಗೆ ಅದರ ಅರಿವೂ ಇರಲಿಲ್ಲ. ಗಂಡ ಮಾತ್ರ ನಗುತ್ತಿದ್ದ. ಆತ ಬೀಗ ರಿಪೇರಿಯವನು. ಕೆಳಗಿನ ಮನೆಯ ಮುಂದಿನ ಕೋಣೆಯೇ ಅಂಗಡಿ. "ನನ್ನ ಮುಖಕ್ಕೆ ದಾರ ಕಟ್ಟೋಕೆ ಅಂಚಿಲ್ಲ. ಅದಕ್ಕೇ ಇನ್ನೂ ಬದುಕಿದೀನಿ" ಎಂದು ಗಿರಾಕಿಗಳ ಮುಂದೆ ಹೇಳುತ್ತಿದ್ದ.

ಮಗಳಿಗೆ ಹಾಗೆ ನಗಲು ಬರಲಿಲ್ಲ. ಆಕೆ ಬೋರ್ಡು ಬರೆಯುವುದನ್ನು ಕಲಿತಳು. ಮೊದಲ ಬೋರ್ಡು ಅಪ್ಪನ ಅಂಗಡಿಯದೇ. ಫುಟ್‌ಪಾತಿನ ಮೇಲೆ ಹಲಗೆ ಹಾಕಿಕೊಂಡು ಬರೆದಳು: ದೊಡ್ಡದೊಂದು ಬೀಗದ ಕೈ, ಅದರ ಪಕ್ಕ ಅಂಗಡಿಯ ಹೆಸರು. ಬೀದಿಯವರು ನಿಂತು ನೋಡಿ ಮೆಚ್ಚಿದರು. ತಾಯಿ ಪಾಳಿ ಮುಗಿಸಿ ಬಂದಳು, ನೋಡಿದಳು. ಕಾಲು ನೆಲ ಒತ್ತಿತು. "ಕೊನೇ ಎರಡಕ್ಷರ ಇಕ್ಕಟ್ಟಾಗಿದೆ" ಎಂದು ಹೇಳಿ ಕೈ ತೊಳೆಯಲು ಒಳಗೆ ಹೋದಳು.

ಅದು ನಿಜವೇ. ದೊಡ್ಡದಾಗಿ ಶುರುಮಾಡಿದ್ದರಿಂದ ಕೊನೆಗೆ ಜಾಗ ಸಾಲದೆ ಅಕ್ಷರಗಳು ಒಂದರ ಮೇಲೊಂದು ಬಿದ್ದಂತಿದ್ದವು. ಇವತ್ತಿಗೂ ಹಾಗೇ ಇವೆ, ಬೋರ್ಡು ಅಲ್ಲೇ ತೂಗುತ್ತಿದೆ. ಹುಡುಗಿ ಕುಂಚಗಳನ್ನು ಒರೆಸಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಅವಳು ತಾಯಿಗೆ ತನ್ನ ಕೆಲಸ ತೋರಿಸಿದ್ದನ್ನು ಯಾರೂ ನೋಡಲಿಲ್ಲ. ಮದುವೆಯಾಯಿತು, ಹತ್ತಿರದ ಬೀದಿಯಲ್ಲೇ ಮನೆ ಮಾಡಿದಳು. ತಾಯಿ ಅದನ್ನೆಲ್ಲ ಮೌನ ಸ್ವಭಾವ ಎಂದುಕೊಂಡಿದ್ದಳು.

ಆಮೇಲೆ ಗಿರಣಿಗೆ ಕ್ಯಾಮೆರಾ ಯಂತ್ರ ಬಂತು. ಬಟ್ಟೆ ಅದರ ಕೆಳಗೆ ಓಡುತ್ತದೆ, ತಪ್ಪು ಎಲ್ಲಿದೆ ಎಂದು ಅದೇ ಗುರುತು ಹಾಕುತ್ತದೆ. ಕಣ್ಣು ಕೆಂಪಾಗುವುದಿಲ್ಲ, ಊಟಕ್ಕೆ ಏಳುವುದಿಲ್ಲ. ಗಾಜಿನ ಮೇಜುಗಳನ್ನು ಎತ್ತಿ ಮೂಲೆಗೆ ಇಟ್ಟರು. ಕೆಂಪುದಾರವನ್ನು ಕೆಲಸದಿಂದ ತೆಗೆಯಲಿಲ್ಲ. ಕಟ್‌ಪೀಸ್ ಮೇಜಿಗೆ ಹಾಕಿದರು. ಗಿರಣಿಯಲ್ಲಿ ಅದು ಹೊರಗೆ ಹಾಕಿದ ಹಾಗೆಯೇ. ತಪ್ಪಿರುವ ಥಾನುಗಳೆಲ್ಲ ಅಲ್ಲಿಗೆ ಬರುತ್ತವೆ. ಅವುಗಳಲ್ಲಿ ಉಳಿಸಬಹುದಾದ್ದನ್ನು ಕತ್ತರಿಸಿ ಅಗ್ಗಕ್ಕೆ ಮಾರಲು ಕಳಿಸುತ್ತಾರೆ.  ಇದರ ಜೊತೆಗೆ ಪಾಳಿಯೂ ಬದಲಾಯಿತು. ಮೊದಲು ಬೆಳಿಗ್ಗೆ ಹೋಗುತ್ತಿದ್ದವಳು ಈಗ ಮಧ್ಯಾಹ್ನ ಹೋಗಬೇಕು.

ಹಾಗಾಗಿ ಒಂದು ದಿನ ಬೆಳಿಗ್ಗೆ ಆಕೆ ಮನೆಯಲ್ಲಿದ್ದಳು. ನಾನೂ ಅಂಗಡಿಯಲ್ಲಿದ್ದೆ; ಬೀರುವಿಗೆ ಹೊಸ ಬೀಗದ ಕೈ ಮಾಡಿಸಿಕೊಳ್ಳಲು ಸ್ಟೂಲಿನ ಮೇಲೆ ಕೂತಿದ್ದೆ. ಮಗಳು ಬಂದಳು. ಬಾಗಿಲಿಗೆ ಬರುವ ಮೊದಲೇ ನಗು ಕೇಳಿಸಿತು. "ಅಪ್ಪಾ, ನೋಡಿಲ್ಲಿ, ಆ ಔಷಧಿ ಅಂಗಡಿಯವನ ಬೋರ್ಡಿಗೆ ನಾನು ಏನು ಮಾಡಿದೀನಿ ಅಂತ" ಎನ್ನುತ್ತ ಮೊಬೈಲು ಎತ್ತಿ ಹಿಡಿದು ಒಳಗೆ ಬಂದಳು. ತಾಯಿಯನ್ನು ಕಂಡಳು. ನಲ್ಲಿ ತಿರುಗಿಸಿದ ಹಾಗೆ ನಗು ನಿಂತಿತು.

"ಇವತ್ತು ಕೆಲಸಕ್ಕೆ ಹೋಗಿಲ್ವಾ ಅಮ್ಮ?"

"ಪಾಳಿ ಬದಲಾಯ್ತು."

"ಓ."

ಮೊಬೈಲು ಚೀಲಕ್ಕೆ ಹೋಯಿತು. ಹೆಗಲಿನಿಂದ ಚೀಲ ಇಳಿಸದೆ ನಿಂತೇ ನೀರು ಕುಡಿದಳು, ಕೆಲಸವಿದೆ ಎಂದು ಹೊರಟಳು. ತಾಯಿ ಬಾಗಿಲ ಕಡೆ ನೋಡುತ್ತ, ಇವಳು ಯಾವಾಗಲೂ ಹೀಗೆ ಬರುತ್ತಾಳಾ ಎಂದು ಗಂಡನನ್ನು ಕೇಳಿದಳು. ವಾರದಲ್ಲಿ ಮೂರು ನಾಲ್ಕು ದಿನ ಬರುತ್ತಾಳೆ ಎಂದ ಆತ.

"ನಾನಿಲ್ಲದಾಗ."

ಆತ ನನ್ನ ಬೀಗದ ಕೈಗೆ ಅರ ಉಜ್ಜುತ್ತಿದ್ದ. ಉಜ್ಜುವುದನ್ನು ನಿಲ್ಲಿಸಲಿಲ್ಲ. "ಹೂಂ" ಎಂದ.

ಮಗಳು ಆಮೇಲೂ ಬಂದಳು. ಸಂಜೆ, ತಾಯಿ ಗಿರಣಿಗೆ ಹೋದ ಮೇಲೆ.

ಇಷ್ಟು ನಡೆಯದಿದ್ದರೆ ನಾನು ಈ ಹೆಂಗಸಿನ ಬಗ್ಗೆ ಬರೆಯುತ್ತಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂಬುದನ್ನು ನಾನು ಬಹುಮಟ್ಟಿಗೆ ನಂಬುತ್ತೇನೆ. ಒಳ್ಳೆಯದನ್ನು ನೋಡಿ, ಕೃತಜ್ಞರಾಗಿರಿ ಎಂದು ಬೋಧಿಸುವ ಪುಸ್ತಕಗಳನ್ನು ಎರಡನೆಯ ಪುಟ ದಾಟಿ ಓದಲು ನನ್ನಿಂದ ಆಗಿಲ್ಲ. ಆದರೆ ಐವತ್ತು ದಾಟಿದ ಒಬ್ಬಾಕೆ, ಮಗಳು ತಾನಿರುವಾಗ ಮನೆಗೆ ಬರಬೇಕೆಂಬ ಒಂದೇ ಆಸೆಯಿಂದ, ತನ್ನ ಕಣ್ಣನ್ನೇ ಬೇರೆ ಕಡೆ ತಿರುಗಿಸಲು ಹೊರಟರೆ? ಆಗುತ್ತದೆಯೆ, ಹೇಗೆ ಆಗುತ್ತದೆ ಎಂದು ತಿಳಿಯುವ ಕುತೂಹಲ ನನಗಿತ್ತು. ಬೆಳಗಿನ ಹೊತ್ತು ಆಕೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ನಾನು ಕೇಳುತ್ತಿದ್ದೆ, ಆಕೆ ಹೇಳುತ್ತಿದ್ದಳು.

ಕಟ್‌ಪೀಸ್ ಮೇಜಿನ ಹಿರಿಯಳನ್ನು ಗಿರಣಿಯಲ್ಲಿ ಕತ್ತರಿ ಅಕ್ಕ ಎನ್ನುತ್ತಾರೆ. ದಪ್ಪ ಶರೀರ, ಸಣ್ಣ ದನಿ, ಬಾಯಿ ಮಾತ್ರ ಕತ್ತರಿಯೇ. ಮೊದಲ ದಿನ ಆ ಮೇಜಿಗೆ ಬಂದ ಥಾನುಗಳು ಕೆಂಪುದಾರ ತಾನೇ ಹಿಂದೆ ತಿರಸ್ಕರಿಸಿದ್ದವು. ಅಂಚಿನುದ್ದಕ್ಕೂ ಆಕೆ ಕಟ್ಟಿದ ದಾರಗಳು. ಬಟ್ಟೆ ಹರಡಿದ ಕೂಡಲೇ ಆಕೆಯ ಕಣ್ಣು ಒಂದು ದಾರದಿಂದ ಇನ್ನೊಂದು ದಾರಕ್ಕೆ ಹಾರಿತು.

"ದಾರ ನೋಡ್ಬೇಡವೇ" ಎಂದಳು ಕತ್ತರಿ ಅಕ್ಕ. "ಅದು ಎಲ್ಲಿಗೂ ಓಡಿಹೋಗಲ್ಲ. ಎರಡು ದಾರದ ಮಧ್ಯ ಏನಿದೆ ನೋಡು. ಎಲ್ಲಿಂದ ಎಲ್ಲಿವರೆಗೆ ಚೆನ್ನಾಗಿದೆ? ಇಲ್ಲಿ ಅಷ್ಟೇ ಪ್ರಶ್ನೆ."

ಕೇಳಲು ಸುಲಭ. ಆದರೆ ಆಕೆಯ ಕೈಗೆ ಅದು ಬರಲಿಲ್ಲ. ಸಣ್ಣ ಗಂಟು ಕಂಡರೂ ಅಲ್ಲೇ ಕತ್ತರಿ ಹಾಕಿಬಿಡುತ್ತಿದ್ದಳು. ಪರದೆಗೆ ಆಗುವ ಬಟ್ಟೆ ಮಗುವಿನ ಅಂಗಿಗೆ ಇಳಿಯುತ್ತಿತ್ತು, ಅಂಗಿಗೆ ಆಗುವುದು ಕರವಸ್ತ್ರಕ್ಕೆ. "ಒಂದು ಗಂಟಿಗೆ ಹೆದರಿ ಇಡೀ ಪರದೆ ಕೊಂದೆಯಲ್ಲೇ" ಎಂದು ಕತ್ತರಿ ಅಕ್ಕ ಎಲ್ಲರ ಮುಂದೆ ಬೈದಳು. ಹೊಲಿದಾಗ ಮಡಿಕೆಯೊಳಗೆ ಹೋಗುವ ತಪ್ಪು ಯಾವುದು, ಕಣ್ಣಿಗೆ ಹೊಡೆಯುವ ತಪ್ಪು ಯಾವುದು ಎಂದು ಬೇರ್ಪಡಿಸಲು ಆಕೆ ಹೊಸಬಳ ಹಾಗೆ ಕಲಿಯಬೇಕಾಯಿತು. ಎಷ್ಟೋ ವಾರ ಹಿಡಿಯಿತು.

ಏನು ಕಂಡಿರಿ ಎಂದು ಒಂದು ಬೆಳಿಗ್ಗೆ ಕೇಳಿದೆ.  ಆಕೆ ಹೇಳಿದ ಮಾತು ನನಗೆ ನೆನಪಿದೆ.

"ಬಟ್ಟೆ ತುಂಬಾ ಇದೆ ಮೇಡಂ. ಇಷ್ಟೊಂದು ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ."

ಅಷ್ಟು ವರ್ಷ ದಿನವಿಡೀ ಬಟ್ಟೆ ನೋಡಿದವಳು ಹೇಳುವ ಮಾತಲ್ಲ ಅದು. ಆದರೆ ಯೋಚಿಸಿದರೆ ಸರಿಯೇ. ಗಾಜಿನ ಮೇಜಿನ ಮೇಲೆ ಚೆನ್ನಾಗಿರುವ ಬಟ್ಟೆ ಎಂದರೆ ಕಾಲು ಒತ್ತದೆ ಹೋದ ಬಟ್ಟೆ. ಅದು ನಿಲ್ಲುತ್ತಲೇ ಇರಲಿಲ್ಲ. ನಿಂತದ್ದನ್ನು ಮಾತ್ರ ಆಕೆ ನೋಡಿದ್ದಳು.

ಇದಾದ ಮೇಲೆ ಆಕೆ ಗಿರಣಿಯಲ್ಲಿ ಒಂದು ವಿಚಿತ್ರ ಮಾಡಿದಳು. ಮಗ್ಗದವರಿಗೆ ಬಟ್ಟೆ ಪರೀಕ್ಷೆಯ ಕೋಣೆಯಿಂದ ಮಾತು ಹೋಗುವುದು ತಪ್ಪಾದಾಗ ಮಾತ್ರ. ಬುಲಾವು ಬಂತೆಂದರೆ ಬೈಗುಳ ಕಾದಿದೆ ಎಂದೇ ಅರ್ಥ. ಒಂದು ದಿನ ಒಂದು ಹಾಳಾದ ಥಾನಿನ ನಡುವೆ ಕಣ್ಣಿಗೆ ಒಂದೂ ತೊಡಕಿಲ್ಲದ ಉದ್ದನೆಯ ಬಟ್ಟೆ ಸಿಕ್ಕಿತು. ನೇಯ್ದವನು ಯಾರೆಂದು ವಿಚಾರಿಸಿ ಆಕೆ ಅವನಿಗೆ ಹೇಳಿಕಳಿಸಿದಳು. ಕಿಟಕಿ ಪಕ್ಕದ ಮಗ್ಗದವನು, ಮೀಸೆ ನರೆತವನು, ಜಗಳಕ್ಕೆ ಸಿದ್ಧನಾಗಿ ತೋಳು ಮಡಚಿಕೊಂಡೇ ಬಂದ.

"ಏನಮ್ಮಾ, ಏನು ತಪ್ಪಾಯ್ತು?"

"ಏನೂ ಆಗಿಲ್ಲ. ಇಲ್ಲಿಂದ ಇಲ್ಲಿವರೆಗೆ ಬಹಳ ಚೆನ್ನಾಗಿದೆ. ಅದನ್ನ ಹೇಳೋಕೇ ಕರೆಸಿದ್ದು."

ಅವನು ಬಟ್ಟೆ ನೋಡಿದ, ಆಕೆಯನ್ನು ನೋಡಿದ, ಕತ್ತರಿ ಅಕ್ಕನನ್ನು ನೋಡಿದ. ಇದರಲ್ಲಿ ಏನೋ ಮೋಸವಿದೆ ಎಂದು ಬಟ್ಟೆಯನ್ನು ತಿರುವಿ ಹಿಂಬದಿಯನ್ನೂ ನೋಡಿದ. ಬೇರೇನೂ ಇಲ್ಲವಾ ಎಂದು ಕೇಳಿದ. ಇಲ್ಲ ಎಂದಳು. ಹೋಗುವವನು ಬಾಗಿಲಲ್ಲಿ ನಿಂತು, ಆ ದಿನ ಎಳೆ ಒಳ್ಳೆಯದು ಬಂದಿತ್ತು ಎಂದು ತಪ್ಪೊಪ್ಪಿಗೆಯ ಹಾಗೆ ಹೇಳಿ ಹೋದ. ಮರುದಿನ ಅವನು ಈ ಮೇಜಿನ ಕಡೆ ಎರಡು ಸಲ ಸುಮ್ಮನೆ ಹಾದುಹೋದನಂತೆ. 

ಇದು ಆಕೆಯ ತಲೆಗೆ ಏರಿತು ಎಂದು ಕಾಣುತ್ತದೆ. ಮಗ್ಗದವನ ಮೇಲೆ ಕೆಲಸ ಮಾಡಿದ್ದು ಮಗಳ ಮೇಲೂ ಮಾಡೀತು ಎಂದುಕೊಂಡಳು. ರಜೆಯ ದಿನ ಕರೆಯದೆ ಮಗಳ ಮನೆಗೆ ಹೋದಳು. ಅಲ್ಲಿ ನಡೆದದ್ದನ್ನು ಬೀಗದವನು ನನಗೆ ಹೇಳುವಾಗ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕ. ಬಾಗಿಲ ಬಣ್ಣ ಚೆನ್ನಾಗಿದೆ ಎಂದಳಂತೆ. ಪರದೆ ಚೆನ್ನಾಗಿದೆ, ಕುರ್ಚಿ ಚೆನ್ನಾಗಿದೆ, ಅಳಿಯನ ಷೂ ಬಹಳ ಚೆನ್ನಾಗಿದೆ. ಕುರ್ಚಿಗೆ ಒಂದು ಕಾಲು ಗಿಡ್ಡವಾಗಿತ್ತು. ಅದರ ಮೇಲೆ ಕೂತು ಅಲ್ಲಾಡುತ್ತಲೇ ಹೊಗಳಿದಳು. ಅಳಿಯ ಅಡುಗೆಮನೆಗೆ ಹೋಗಿ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದ. ಮಗಳು ಅಪ್ಪನಿಗೆ ಫೋನು ಮಾಡಿದಳು: "ಅಪ್ಪಾ, ಅಮ್ಮಂಗೆ ಏನೋ ಆಗಿದೆ. ಬೇಗ ಬಾ."

ಆತ ಬರುವಷ್ಟರಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿಯಾಗಿತ್ತು. ರಕ್ತದೊತ್ತಡ ಸರಿಯಿತ್ತು, ನಾಲಿಗೆ ಸರಿಯಿತ್ತು, ಕೈ ಎತ್ತು ಎಂದರೆ ಎತ್ತಿದಳು. ಡಾಕ್ಟರ ಬೆಂಚೂ ಚೆನ್ನಾಗಿದೆ ಎಂದಳು. ಏನೂ ರೋಗವಿಲ್ಲ ಎಂದು ತಿಳಿದ ಮೇಲೆ ಮಗಳ ಹೆದರಿಕೆ ಕೋಪವಾಯಿತು. ದಾರಿಯಲ್ಲಿ ತಾಯಿಯನ್ನು ನಿಲ್ಲಿಸಿ ಹೇಳಿದಳು:

"ಸುಳ್ಳು ಹೇಳೋಕೆ ಬರದೇ ಇರೋರು ಹೇಳಬಾರದಮ್ಮಾ. ನೀನು ಬೈದರೆ ಅದನ್ನಾದರೂ ನಂಬಬಹುದಿತ್ತು. ಈಗ ಅದೂ ಹೋಯ್ತು."

ಬೀಗದವನ ನಗು ಇಲ್ಲಿಗೆ ನಿಂತಿತು. ಮಗಳು ಸಂಜೆ ಬರುವುದೂ ಕಡಿಮೆಯಾಯಿತು ಎಂದ.

ಕೆಂಪುದಾರ ಮೆಟ್ಟಿಲ ಮೇಲೆ ಕೂತು ಅಳಲಿಲ್ಲ. ಅಳುವ ಜಾತಿಯಲ್ಲ. ಎಲ್ಲಿ ಎಡವಿದೆ ಎಂದು ತಿಳಿಯಬೇಕಿತ್ತು ಆಕೆಗೆ. ಕತ್ತರಿ ಅಕ್ಕನನ್ನು ಕೇಳಿದಳು. ಕತ್ತರಿ ಅಕ್ಕ ಬಟ್ಟೆಯಿಂದ ತಲೆ ಎತ್ತದೆ ಉತ್ತರ ಕೊಟ್ಟಳಂತೆ. ಇಡೀ ಥಾನು ಚೆನ್ನಾಗಿದೆ ಎಂದು ಚೀಟಿ ಅಂಟಿಸಿದರೆ ಯಾವ ಅಂಗಡಿಯವನು ನಂಬುತ್ತಾನೆ, ನೀನು ಬಟ್ಟೆ ನೋಡಿಯೇ ಇಲ್ಲ ಎಂದುಕೊಳ್ಳುತ್ತಾನೆ. ಎಲ್ಲಿಂದ ಎಲ್ಲಿವರೆಗೆ ಎಂದು ಹೇಳಲು ಆಗದಿದ್ದರೆ ಬಾಯಿ ಮುಚ್ಚಿಕೊಂಡಿರು. ಮಗ್ಗದವನಿಗೆ ಹೇಳುವಾಗ ಬೆರಳಿಟ್ಟು ತೋರಿಸಿದೆಯಲ್ಲ?

ಆಮೇಲೆ ಹೊಗಳುವುದನ್ನು ಆಕೆ ಬಿಟ್ಟೇಬಿಟ್ಟಳು. ಅದರ ಬದಲು ನೋಡುವುದನ್ನು ಅಭ್ಯಾಸ ಮಾಡತೊಡಗಿದಳು. ಬೆಳಿಗ್ಗೆ ಗಂಡ ಹೆಂಡತಿ ಚಹಾ ಕುಡಿಯುತ್ತ ಹಿಂದಿನ ದಿನವನ್ನು ಥಾನಿನ ಹಾಗೆ ಮೇಜಿನ ಮೇಲೆ ಹರಡುತ್ತಿದ್ದರು. ಮೆಟ್ಟಿಲ ಸಂದಿಯಲ್ಲಿ ಅವರ ಮಾತು ಮೇಲಕ್ಕೆ ಕೇಳಿಸುತ್ತದೆ, ನಾನು ಕಿವಿ ಮುಚ್ಚಿಕೊಳ್ಳಲಿಲ್ಲ.

"ನಿನ್ನೆ ಎಲ್ಲಿಂದ ಎಲ್ಲಿವರೆಗೆ?" ಎಂದು ಆಕೆ ಕೇಳುವಳು.

"ಬೆಳಿಗ್ಗೆ ಎದ್ದಾಗಿಂದ ನೀನು ಬಾಯಿ ತೆಗೆಯೋವರೆಗೆ" ಎಂದು ಆತ.

ಮೊದಮೊದಲು ಆಕೆಗೆ ಇದು ಸಾಮಾನು ಹೊತ್ತಷ್ಟೇ ಕಷ್ಟವಾಗಿತ್ತು. ಬಸ್ಸು ತಪ್ಪಿದ್ದು, ಹಾಲು ಉಕ್ಕಿದ್ದು, ಮಗಳು ಬಾರದೆ ಇದ್ದದ್ದು, ಇವೆಲ್ಲ ದಾರ ಕಟ್ಟಿದ ಹಾಗೆ ಎದ್ದು ಕಾಣುತ್ತಿದ್ದವು. ನಡುವಿನದನ್ನು ನೆನಪಿನಿಂದ ಎಳೆಯಬೇಕಾಗುತ್ತಿತ್ತು. ಏನೂ ಸಿಗದ ದಿನವೂ ಏಳುತ್ತಿರಲಿಲ್ಲ. ಕರವಸ್ತ್ರದಷ್ಟಾದರೂ ಸಿಗಬೇಕು ಎಂದು ಕೂತಿರುತ್ತಿದ್ದಳು. ಒಂದು ದಿನ ಸಿಕ್ಕಿದ್ದು, ಬಸ್ಸಿನಲ್ಲಿ ಯಾರೋ ತನಗಾಗಿ ಸ್ವಲ್ಪ ಸರಿದು ಕೂತದ್ದು. ಹಾಗೆ ಸರಿದವರ ಮುಖ ನೋಡಲಿಲ್ಲವಲ್ಲ, ಒಂದು ಮಾತೂ ಹೇಳಲಿಲ್ಲವಲ್ಲ ಎಂದು ಆ ಬೆಳಗೆಲ್ಲ ಪೇಚಾಡಿದಳು. ಮಾರನೆಯ ದಿನದಿಂದ ಬಸ್ಸಿನಲ್ಲಿ ಮುಖ ನೋಡತೊಡಗಿದಳು. ಸಿಹಿ ಮಾತಿನವಳಾದಳು ಎಂದು ಯಾರೂ ತಿಳಿಯಬಾರದು. ನಮ್ಮ ಮನೆಯ ಮೆಟ್ಟಿಲ ಕೈಹಿಡಿಕೆಯ ಮೊಳೆ ಸಡಿಲವಾಗಿದೆ ಎಂದು ಅದೇ ವಾರ ಹೇಳಿದಳು. ಆದರೆ ಕೈಹಿಡಿಕೆಯ ಮರ ಒಳ್ಳೆಯದು, ಕೆಳಗಿನ ತಿರುವಿನಿಂದ ಮೇಲಿನವರೆಗೆ ಒಂದೇ ತುಂಡು ಎಂದೂ ಸೇರಿಸಿದಳು. ಅಷ್ಟು ವರ್ಷ ಅದನ್ನು ಹಿಡಿದು ಹತ್ತಿದ ನಾನು ಅದು ಒಂದೇ ತುಂಡು ಎಂದು ಗಮನಿಸಿರಲಿಲ್ಲ.

ಆ ಹೊತ್ತಿಗೆ ಮಗಳಿಗೆ ದೊಡ್ಡ ಕೆಲಸ ಸಿಕ್ಕಿತ್ತು. ಮುಖ್ಯ ಬೀದಿಯ ಬೇಕರಿಯ ಪಕ್ಕದ ಗೋಡೆಗೆ ಉದ್ದಕ್ಕೂ ಚಿತ್ರ ಬರೆಯಬೇಕು. ನಾನು ಬ್ರೆಡ್ ತರಲು ಹೋದಾಗಲೆಲ್ಲ ನೋಡುತ್ತಿದ್ದೆ. ಒಂದು ಸಾಲು ಜನ, ಮುದುಕರು, ಮಕ್ಕಳು, ಸೈಕಲ್ ಹಿಡಿದವನು, ಕೈಯಿಂದ ಕೈಗೆ ಬ್ರೆಡ್ ದಾಟಿಸುತ್ತಿದ್ದಾರೆ. ಚೆನ್ನಾಗಿತ್ತು. ತಾಯಿಗೆ ಆಹ್ವಾನವಿರಲಿಲ್ಲ ಎಂದು ಹೇಳಬೇಕಿಲ್ಲ.

ಒಂದು ಬೆಳಿಗ್ಗೆ ನಾನು ಬೇಕರಿಯಿಂದ ಹೊರಬರುವಾಗ ಎದುರಿನ ಫುಟ್‌ಪಾತಿನಲ್ಲಿ ಕೆಂಪುದಾರ ನಿಂತಿದ್ದಳು. ಪಾಳಿಗೆ ಹೋಗುವ ಚೀಲ ಹೆಗಲಲ್ಲಿತ್ತು. ರಸ್ತೆ ದಾಟಿ ಗೋಡೆಯ ಎಡ ಮೂಲೆಗೆ ಹೋದಳು. ಏಣಿಯ ಮೇಲಿದ್ದ ಮಗಳು ತಿರುಗಿ ನೋಡಿದಳು. ಆಕೆಯ ಬೆನ್ನು ಸೆಟೆಯಿತು. ಕುಂಚ ಗೋಡೆಯಿಂದ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು. ನಾನು ಹೊರಟುಹೋಗುವುದು ಮರ್ಯಾದೆಯಾಗಿತ್ತು. ಹೋಗಲಿಲ್ಲ.

ತಾಯಿ ಮೂಲೆಯಿಂದ ಶುರುಮಾಡಿ ಗೋಡೆಯ ಉದ್ದಕ್ಕೂ ನಿಧಾನವಾಗಿ ನಡೆದಳು. ಮಗಳು ತಾಯಿಯ ಮುಖ ನೋಡಲಿಲ್ಲ. ಕಾಲು ನೋಡುತ್ತಿದ್ದಳು. ನನಗೆ ಆಗ ತಿಳಿಯಿತು: ನಾನು ಗಮನಿಸಿದ್ದನ್ನು ಈ ಹುಡುಗಿ ಮಾತು ಬರುವ ಮೊದಲಿನಿಂದ ಗಮನಿಸಿಕೊಂಡೇ ಬೆಳೆದಿದ್ದಾಳೆ. ಮುದುಕ ದಾಟಿದ, ಮಕ್ಕಳು ದಾಟಿದರು, ಸೈಕಲಿನವನು ದಾಟಿದ. ಕಿಟಕಿ ಬಂತು. ಕಿಟಕಿಯಾಚೆ, ಮಳೆನೀರಿನ ಪೈಪಿನ ಹತ್ತಿರ, ಬಲಗಾಲು ನೆಲವನ್ನು ಒತ್ತಿತು.

 ತಾಯಿ ಹಿಂದಕ್ಕೆ ನಡೆದು ಬಂದು ಏಣಿಯ ಬುಡದಲ್ಲಿ ನಿಂತಳು.

"ಆ ಮೂಲೆಯಿಂದ ಕಿಟಕಿವರೆಗೆ ನನ್ನ ಕಾಲು ನಿಲ್ಲಲಿಲ್ಲ" ಎಂದಳು.

ಬಟ್ಟೆ ಎಲ್ಲೂ ನಿಲ್ಲದೆ ಇಳಿಯಿತು ಎಂದ ಹಾಗೆ ಅದು; ಗಿರಣಿಯವರ ಭಾಷೆಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಮಗಳಿಗೆ ಅದು ಗೊತ್ತಿತ್ತು. ಏಣಿಯ ಮೇಲಿಂದಲೇ ಕೇಳಿದಳು:

"ಕಿಟಕಿ ಆದ್ಮೇಲೆ?"

"ಕೇಳ್ತಿದೀಯಾ?"

"ಕೇಳ್ತಿದೀನಿ."

"ಪೈಪ್ ಹತ್ತಿರ ನಿಂತಿದಾನಲ್ಲ, ಅವನ ಕೈ."

"ಉದ್ದ ಆಯ್ತು. ಗೊತ್ತು. ಪೈಪ್ ಅಡ್ಡ ಬಂತು, ಆಚೆಯವಳಿಗೆ ಬ್ರೆಡ್ ಮುಟ್ಟಬೇಕಲ್ಲ."

ತಾಯಿ ಮತ್ತೆ ಆ ಕಡೆ ನೋಡಿದಳು. "ಮುಟ್ಟಿದೆ" ಎಂದಳು. ಹೊರಡಲು ಚೀಲ ಸರಿಮಾಡಿಕೊಂಡವಳು ನಿಂತಳು. "ಅಪ್ಪನ ಬೋರ್ಡಲ್ಲಿ ಬೀಗದ ಕೈ ಬರೆದಿದ್ದೆಯಲ್ಲ. ಅದರ ಹಲ್ಲು ನಿಜವಾದ ಬೀಗದ ಕೈ ಥರಾನೇ ಇದೆ. ಅಲ್ಲಿಂದ ಕೊನೇ ಎರಡಕ್ಷರದವರೆಗೆ ಸರಿಯಾಗೇ ಇತ್ತು. ಅವತ್ತು ನಾನು ಕೊನೇ ಎರಡು ಮಾತ್ರ ಹೇಳಿದೆ."

ಮಗಳು ಗೋಡೆಗೆ ಮುಖ ಮಾಡಿದಳು. ಕುಂಚವನ್ನು ಡಬ್ಬಿಯಲ್ಲಿ ಅದ್ದಿದಳು, ಆದರೆ ಗೋಡೆಗೆ ಹಚ್ಚಲಿಲ್ಲ. "ಹೋಗಮ್ಮ, ಬಸ್ಸು ತಪ್ಪುತ್ತೆ" ಎಂದಳು. ದನಿಯಿಂದ ನನಗೆ ಏನೂ ಗೊತ್ತಾಗಲಿಲ್ಲ. ತಾಯಿಗೂ ಗೊತ್ತಾದಂತೆ ಕಾಣಲಿಲ್ಲ. ಬಸ್ಸು ಹಿಡಿಯಲು ಹೋದಳು.

ಅದಾದ ಮೇಲೆ ಕೆಲವು ದಿನ ಏನೂ ನಡೆಯಲಿಲ್ಲ. ಬೆಳಗಿನ ಚಹಾದ ಹೊತ್ತಿಗೆ ಕೆಳಗೆ ಅದೇ ಪ್ರಶ್ನೆ, ಅದೇ ತಮಾಷೆ. ಆಕೆ ಬಾಗಿಲ ಕಡೆಗೆ ಕುರ್ಚಿ ತಿರುಗಿಸಿಕೊಂಡು ಕೂರುತ್ತಿದ್ದಳು ಎಂಬುದಷ್ಟೇ ಹೊಸದು.

ನನ್ನ ಬೀರುವಿನ ಬೀಗದ ಕೈ ಬಿಗಿಯಾಗಿ ತಿರುಗುತ್ತಿತ್ತು. ಅದನ್ನು ಸರಿಮಾಡಿಸಲು ಒಂದು ಬೆಳಿಗ್ಗೆ ಕೆಳಗಿಳಿದೆ. ಗಂಡ ಹೆಂಡತಿ ಇಬ್ಬರೂ ಅಂಗಡಿಯಲ್ಲಿದ್ದರು. ಮಗಳು ಬಂದಳು. ನಗು ಬಾಗಿಲಿಗೆ ಮೊದಲೇ ಬರಲಿಲ್ಲ. ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು, ನನ್ನನ್ನು ನೋಡಿ ತಲೆಯಾಡಿಸಿದಳು. ಆಮೇಲೆ ಹೆಗಲಿನಿಂದ ಚೀಲ ಇಳಿಸಿ, ಬೀಗಗಳನ್ನು ತೂಗುಹಾಕುವ ಮೊಳೆಗಳಲ್ಲಿ ಖಾಲಿ ಇದ್ದ ಒಂದಕ್ಕೆ ಹಾಕಿದಳು. ಮೊಬೈಲು ತೆಗೆದು ಇಬ್ಬರ ನಡುವೆ ಮೇಜಿನ ಮೇಲಿಟ್ಟಳು. ಹೊಸ ಬೋರ್ಡು, ಯಾರದೋ ಕ್ಷೌರದ ಅಂಗಡಿಯದು.

ತಾಯಿ ಕನ್ನಡಕ ಹಾಕಿಕೊಂಡು ಬಾಗಿದಳು. ಸ್ವಲ್ಪ ಹೊತ್ತಿನ ಮೇಲೆ ಮೇಜಿನ ಕೆಳಗೆ ಬಲಗಾಲು ಒತ್ತಿತು.

"ಹಾ, ಒತ್ತಿದಳು ನೋಡಪ್ಪಾ" ಎಂದು ಮಗಳು ಅಪ್ಪನಿಗೆ ಹೇಳಿ, ಕುರ್ಚಿ ಎಳೆದುಕೊಂಡು ತಾಯಿಯ ಪಕ್ಕ ಕೂತಳು. "ಎಲ್ಲಿ? ಇದಾ? ಅದಿರಲಿ, ಮೊದಲು ಎಲ್ಲಿವರೆಗೆ ಚೆನ್ನಾಗಿದೆ ಅದನ್ನ ಹೇಳು."

ಆಕೆ ಬೆರಳಿಟ್ಟು ತೋರಿಸತೊಡಗಿದಳು. ಇದು ಬೇಗ ಮುಗಿಯುವುದಿಲ್ಲ ಎಂದು ಕಂಡು ನಾನು ಬೀಗದ ಕೈ ಅಲ್ಲೇ ಬಿಟ್ಟು ಮೇಲೆ ಬಂದೆ.